ಸಂಚಯವೂ ಭೋಗವೂ

ಗಳಿಸಿದುದನ್ನು ಕೂಡಿಡಬೇಕೆ, ಉಂಡು ಸುಖಪಡಬೇಕೆ ಎಂಬ ಪ್ರಶ್ನೆಯು ಗೃಹಸ್ಥಾಶ್ರಮದಷ್ಟೇ ಹಳೆಯದು. ಭರ್ತೃಹರಿಯು ನೀತಿಶತಕದಲ್ಲಿ ಧನಕ್ಕೆ ದಾನ, ಭೋಗ, ನಾಶವೆಂದು ಮೂರು ಗತಿಗಳನ್ನು ಎಣಿಸಿರುವನು. ಆ ಎಣಿಕೆಯಲ್ಲಿ ಸಂಚಯಕ್ಕೆ ಸ್ಥಾನವಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕವಿಯು ಅದನ್ನು ಮರೆತನೆಂದಲ್ಲ. ಸಂಚಯವು ಧನದ ಗತಿಯಲ್ಲ, ದಾರಿಯ ನಡುವಿನ ತಂಗುದಾಣ. ದಾವಣಗೆರೆಯಲ್ಲಿ ರಾಜನಹಳ್ಳಿ ಹನುಮಂತಪ್ಪನವರ ಹೆಸರಿನ ಛತ್ರವಿದೆ. ಅಂತಹ ಛತ್ರದಲ್ಲಿ ಇಳಿದುಕೊಳ್ಳುವ ಯಾತ್ರಿಕನಿಗೆ ತಾನು ಮುಟ್ಟಬೇಕಾದ ಊರಾವುದೆಂಬ ಅರಿವಿರುತ್ತದೆ. ಆ ಊರನ್ನೇ ಮರೆತು ಛತ್ರದಲ್ಲಿಯೇ ಮುದುಕನಾಗುವವನನ್ನು ಯಾರೂ ಯಾತ್ರಿಕನೆನ್ನರು. ಕೂಡಿಟ್ಟ ಹಣದ ಧರ್ಮವೂ ಅಧರ್ಮವೂ ಬಹುಮಟ್ಟಿಗೆ ಇಷ್ಟರಲ್ಲಿಯೇ ಅಡಗಿವೆ.

ಹಾಗೆಂದು ತಂಗುದಾಣವೇ ಬೇಡವೆನ್ನುವುದು ಅವಿವೇಕ. ದಾವಣಗೆರೆಯು ಹತ್ತಿಯ ವ್ಯಾಪಾರದಿಂದಲೂ ಬಟ್ಟೆಯ ಗಿರಣಿಗಳಿಂದಲೂ ಬೆಳೆದ ಪಟ್ಟಣ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದಿತು. ನೆರೆಯ ಹರಿಹರದಲ್ಲಿ ೧೯೪೧ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಿದ್ದಿತು. ಅಲ್ಲಿ ಕೆಲಸ ದೊರೆತರೆ ಮೂರು ತಲೆಮಾರಿನ ಅನ್ನ ದೊರೆತಂತೆಂದು ಭಾವಿಸಿದ ಮನೆಗಳಿಗೆ ಲೆಕ್ಕವಿಲ್ಲ. ಗಿರಣಿಗಳು ಬಹುಪಾಲು ಮುಚ್ಚಿದವು. ಈ ಶತಮಾನದ ಆರಂಭದ ವೇಳೆಗೆ ಆ ಕಾರ್ಖಾನೆಯೂ ನಿಂತಿತು. ತಿಂಗಳ ಸಂಬಳವು ನದಿಯ ನೀರಿನಂತೆ ಬರುತ್ತಲೇ ಇರುವುದೆಂದು ನಂಬಿದ್ದವರಿಗೆ ನದಿಯೂ ಬತ್ತುವುದುಂಟೆಂಬುದು ಆಗ ತಿಳಿಯಿತು. ಇಂತಹ ಹೊತ್ತಿನಲ್ಲಿ ಮಗಳ ಓದು ನಿಲ್ಲದಂತೆಯೂ ಮುದುಕರ ಔಷಧಿ ತಪ್ಪದಂತೆಯೂ ಕಾಯುವುದು ಹಿಂದೆ ಉಳಿಸಿದ ಹಣವಲ್ಲದೆ ಬೇರೆಯಲ್ಲ. ಉಳಿತಾಯವು ಲೋಭವಲ್ಲ, ತನ್ನನ್ನು ನಂಬಿದವರಿಗೆ ಗೃಹಸ್ಥನು ಸಲ್ಲಿಸಬೇಕಾದ ಋಣ.

ಇನ್ನು ಭೋಗದ ಪಕ್ಷವನ್ನು ನೋಡೋಣ. ದಾವಣಗೆರೆಯ ಹೆಸರಿನೊಡನೆ ಬೆಣ್ಣೆದೋಸೆಯ ಹೆಸರು ಬೆಸೆದುಕೊಂಡಿದೆ. ೧೯೨೮ರಲ್ಲಿ ಬೆಳಗಾವಿಯ ಕಡೆಯಿಂದ ಬಂದ ಚೆನ್ನಮ್ಮನೆಂಬ ಗೃಹಿಣಿಯು ನಾಟಕದ ಥಿಯೇಟರಿನ ಬಳಿ ರಾಗಿಯ ದೋಸೆ ಮಾಡಿ ಮಾರತೊಡಗಿದರೆಂದೂ, ೧೯೩೮ರ ವೇಳೆಗೆ ಅವರ ಮಕ್ಕಳು ಅಕ್ಕಿ, ಮಂಡಕ್ಕಿ, ಉದ್ದನ್ನು ಸೇರಿಸಿ ಅದಕ್ಕೆ ಈಗಿನ ರೂಪವನ್ನು ಕೊಟ್ಟರೆಂದೂ ಹೇಳುವರು. ನಾಲ್ವರಿರುವ ಒಂದು ಸಂಸಾರವು ತಿಂಗಳಿಗೊಂದು ಸಂಜೆ ಈ ದೋಸೆಗೆಂದು ೪೦೦ ರೂಪಾಯಿ ವೆಚ್ಚಮಾಡುವುದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ೪,೮೦೦ ರೂಪಾಯಿ ಆಯಿತು. ಇದನ್ನು ವೆಚ್ಚಮಾಡದೆ ವರ್ಷವರ್ಷವೂ ನೂರಕ್ಕೆ ೭ರ ಚಕ್ರಬಡ್ಡಿಗೆ ಇಟ್ಟುಬಂದರೆ ೩೦ ವರ್ಷಗಳ ಕೊನೆಗೆ ಸುಮಾರು ೪,೫೩,೦೦೦ ರೂಪಾಯಿ ಆಗುವುದು. ಲೆಕ್ಕಿಗನು ಇಲ್ಲಿಗೆ ಲೇಖನಿಯನ್ನು ಕೆಳಗಿಟ್ಟು ದೋಸೆಯನ್ನು ಮಹಾಪಾತಕವೆಂದು ಸಾರುವನು. ಆದರೆ ಪದಾರ್ಥಗಳ ಬೆಲೆಯು ವರ್ಷಕ್ಕೆ ನೂರಕ್ಕೆ ೫ರಂತೆ ಏರಿದರೆ ಆ ಮೊತ್ತವು ಇಂದಿನ ೧,೦೫,೦೦೦ ರೂಪಾಯಿಗೆ ಮಾತ್ರ ಸಮವಾದೀತು. ಲಕ್ಷವೆಂಬುದು ಅಲ್ಪವಲ್ಲ, ನಿಜ. ಆದರೆ ಅದಕ್ಕೆ ತೆತ್ತುದು ೩೬೦ ಸಂಜೆಗಳು. ಅವುಗಳನ್ನು ಯಾವ ಬ್ಯಾಂಕೂ ಹಿಂದಕ್ಕೆ ಕೊಡಲಾರದು.

ಲೆಕ್ಕಿಗನು ಬಿಟ್ಟ ಸಂಗತಿಯೊಂದಿದೆ. ಹಣಕ್ಕೆ ಬಡ್ಡಿಯುಂಟು, ವಯಸ್ಸಿಗಿಲ್ಲ. ಎಂಟು ವರ್ಷದ ಹುಡುಗನಿಗೆ ತಂದೆಯ ಕೈಹಿಡಿದು ಹೋಗಿ ತಿಂದುದರಲ್ಲಿ ಇರುವ ಸಂತೋಷವು ಮೂವತ್ತೆಂಟನೆಯ ವರ್ಷಕ್ಕೆ ಉಳಿದಿರುವುದಿಲ್ಲ. ಅಷ್ಟರಲ್ಲಿ ಅವನು ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಇರುವನು, ತಂದೆಗೆ ಹಲ್ಲು ಇರುವುದಿಲ್ಲ. ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದುಂಟು. ಯಜಮಾನನ ಮಿತವ್ಯಯವು ಅನೇಕ ಸಲ ಯಜಮಾನನ ತಟ್ಟೆಯನ್ನು ಮುಟ್ಟುವುದೇ ಇಲ್ಲ. ಅವನ ಕಾಫಿಯೂ ಎಲೆ-ಅಡಿಕೆಯೂ ಎಂದಿನಂತೆ ನಡೆಯುತ್ತವೆ. ಕಡಿಮೆಯಾಗುವುದು ಹೆಂಡತಿಯ ಸೀರೆ, ತಾಯಿಯ ಹಾಲು. ಗೃಹಿಣಿಯು ತನ್ನ ಪಾಲಿನದನ್ನು ಬಿಟ್ಟು ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಕಾಸು ಮನೆಯ ಲೆಕ್ಕದ ಪುಸ್ತಕದಲ್ಲಿ ಕಾಣುವುದೂ ಇಲ್ಲ. ಒಬ್ಬನ ವಿವೇಕಕ್ಕಾಗಿ ಮತ್ತೊಬ್ಬರು ಆಸೆಯನ್ನು ನುಂಗಿಕೊಳ್ಳುವುದಾದರೆ ಅದನ್ನು ಮಿತವ್ಯಯವೆನ್ನಲಾಗದು. ಉಳಿತಾಯವನ್ನು ಹೊಗಳುವ ಮೊದಲು ಅದು ಯಾರ ಬಾಯಿಂದ ಉಳಿದುದೆಂದು ಕೇಳಬೇಕು.

ಹಾಗಾದರೆ ಬಂದುದನ್ನೆಲ್ಲ ಉಂಡುಬಿಡಬಹುದೆ? ಅದೂ ಸಲ್ಲದು. ಭೋಗವು ನಿತ್ಯವಾದರೆ ಅಭ್ಯಾಸವಾಗುವುದು, ಅಭ್ಯಾಸವು ಅವಶ್ಯಕತೆಯಾಗುವುದು. ಆಮೇಲೆ ಅದಿದ್ದರೆ ಸುಖವಿಲ್ಲ, ಇಲ್ಲದಿದ್ದರೆ ದುಃಖ ತಪ್ಪದು. ಸಾಲ ಮಾಡಿ ಪಡೆದ ಸುಖವಂತೂ ನಾಳಿನ ಅನ್ನವನ್ನು ಇಂದು ಕದ್ದಂತೆ. ಹಿಂದೆ ಮದುವೆಗೆಂದು ಸಾಹುಕಾರನ ಬಾಗಿಲಿಗೆ ಹೋಗಬೇಕಾಗಿದ್ದಿತು; ಈಗ ಅಂಗೈಯೊಳಗಿನ ಫೋನೇ ಸಾಲ ಕೊಡುತ್ತದೆ. ಶರಣ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತರಲು, ಮಡದಿ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿದಳೆಂಬ ಕಥೆಯು ಪ್ರಸಿದ್ಧವಾಗಿದೆ. ಮಕ್ಕಳೊಂದಿಗರಾದ ಇಂದಿನ ಗೃಹಸ್ಥರು ಆ ದಂಪತಿಗಳಂತೆ ನಾಳೆಯ ಚಿಂತೆಯನ್ನೇ ಬಿಡಲಾರರು. ಆದರೆ ಲಕ್ಕಮ್ಮನು ಬಲ್ಲ ‘ಸಾಕು’ ಎಂಬ ಮಾತನ್ನು ಕಲಿಯಬಲ್ಲರು. ಅದು ಸಂಚಯಕ್ಕೂ ಸಲ್ಲುವುದು, ಭೋಗಕ್ಕೂ ಸಲ್ಲುವುದು.

ಹರಿಹರದ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರ ಸುಮಾರಿನಲ್ಲಿ ಕಟ್ಟಿಸಿದನು. ಮೂರ್ತಿಯ ಬಲಭಾಗವು ಹರ, ಎಡಭಾಗವು ಹರಿ. ಒಬ್ಬನು ಬೂದಿಯನ್ನು ಬಳಿದುಕೊಂಡ ವಿರಾಗಿ, ನೀರೆರೆದರೆ ತೃಪ್ತನಾಗುವವನು. ಇನ್ನೊಬ್ಬನು ಲಕ್ಷ್ಮಿಯ ಪತಿ, ಅಲಂಕಾರಪ್ರಿಯ. ಗುಹಾಸುರನು ಹರಿಯಿಂದಲೂ ಹರನಿಂದಲೂ ಸಾವಿಲ್ಲದಂತೆ ವರ ಪಡೆದಿರಲು ಇಬ್ಬರೂ ಒಂದೇ ಶರೀರವಾಗಿ ಅವನನ್ನು ಕೊಂದರೆಂದು ಸ್ಥಳಪುರಾಣವು ಹೇಳುತ್ತದೆ. ಮನುಷ್ಯನ ಎದೆಯ ಗುಹೆಯಲ್ಲಿ ಅಡಗಿರುವ ಅಸುರನ ಹೆಸರು ಭಯ. ಬರಿಯ ಭೋಗದಿಂದ ಅದು ಸಾಯದು. ಬೆಳಗಾದರೆ ಮತ್ತೆ ಎದುರಿಗೆ ನಿಲ್ಲುವುದು. ಬರಿಯ ಸಂಚಯದಿಂದಲೂ ಸಾಯದು. ಪೆಟ್ಟಿಗೆ ದೊಡ್ಡದಾದಷ್ಟೂ ಕಳವಿನ ಅಂಜಿಕೆ ದೊಡ್ಡದಾಗುವುದು. ಎರಡೂ ಒಂದೇ ಬಾಳಿನಲ್ಲಿ ಕೂಡಿದಾಗಲೇ ಅದಕ್ಕೆ ಅಂತ್ಯ. ಆದರೆ ಈ ಕೂಟವು ರೂಪಾಯಿಗೆ ಎಂಟಾಣೆಯಂತೆ ಹಂಚುವ ಕೂಟವಲ್ಲ. ಯವನ ತತ್ತ್ವಜ್ಞನಾದ ಅರಿಸ್ಟಾಟಲನೂ ಔದಾರ್ಯವನ್ನು ಲೋಭಕ್ಕೂ ದುಂದಿಗೂ ನಡುವಣ ಗುಣವೆಂದು ಹೇಳಿ, ಆ ನಡುವು ಎಲ್ಲರಿಗೂ ಒಂದೇ ಅಲ್ಲವೆಂದು ಎಚ್ಚರಿಸಿರುವನು. ಹಮಾಲಿ ಮಾಡುವವನ ನಡುವು ಬೇರೆ, ಅಡಿಕೆಯ ತೋಟದ ಒಡೆಯನ ನಡುವು ಬೇರೆ.

ಆದರೂ ಕ್ರಮವೊಂದನ್ನು ಹೇಳಬಹುದು. ಅದು ಒಕ್ಕಲಿಗನಿಗೆ ಹೊಸದಲ್ಲ. ರಾಶಿಯಾದ ಮೇಲೆ ಅವನು ಮೊದಲು ಸಾಲಕ್ಕೆ ಅಳೆಯುವನು, ಆಮೇಲೆ ಬೀಜಕ್ಕೆ ತೆಗೆದಿಡುವನು, ಬರಗಾಲಕ್ಕೆಂದು ಹಗೇವಿಗೆ ತುಂಬುವನು, ಉಳಿದುದರಲ್ಲಿ ಹಬ್ಬ ಮಾಡುವನು. ಇಲ್ಲಿ ಪ್ರತಿಯೊಂದು ಪಾಲಿಗೂ ಹೆಸರುಂಟು. ಹೆಸರುಳ್ಳ ಉಳಿತಾಯವು ಧರ್ಮ. ಏತಕ್ಕೆಂದು ಕೇಳಿದರೆ ಉತ್ತರವಿಲ್ಲದ ಉಳಿತಾಯವು ಭಯದ ಇನ್ನೊಂದು ರೂಪ. ಬಹುಕಾಲ ಮುಚ್ಚಿದ ಹಗೇವನ್ನು ತೆರೆದೊಡನೆ ಒಳಗಿಳಿಯಬಾರದೆಂದು ಹಳ್ಳಿಯ ಹಿರಿಯರು ತಡೆಯುತ್ತಿದ್ದರು; ಒಳಗಣ ಕೆಟ್ಟ ಗಾಳಿಯು ಪ್ರಾಣವನ್ನೇ ತೆಗೆಯುತ್ತಿದ್ದಿತು. ಕಾಳು ಅದೇ ಕಾಳು, ತೆರೆಯದೆ ಬಿಟ್ಟ ಕಾಲ ಮಾತ್ರ ಕೆಟ್ಟದು.

ಹೀಗೆ ಸಾಲವನ್ನು ತೀರಿಸಿ, ಆಪತ್ತಿಗೆ ಇಟ್ಟು, ಮಕ್ಕಳಿಗೂ ಮುಪ್ಪಿಗೂ ಪಾಲು ತೆಗೆದ ಮೇಲೆ ಉಳಿಯುವ ಅಲ್ಪದಲ್ಲಿ ಒಂದು ಮೊಳ ಮಲ್ಲಿಗೆಯನ್ನು ತರುವುದಕ್ಕೂ, ಒಂದು ಪುಸ್ತಕವನ್ನು ಕೊಳ್ಳುವುದಕ್ಕೂ, ಮನೆಮಂದಿಯೊಡನೆ ಕುಳಿತು ಬಿಸಿದೋಸೆಯನ್ನು ತಿನ್ನುವುದಕ್ಕೂ ಯಾರೂ ನಾಚಬೇಕಾಗಿಲ್ಲ. ಅಂತಹ ಸುಖವನ್ನು ಒಬ್ಬನೇ ಉಣ್ಣದೆ ಹಂಚಿಕೊಂಡರೆ ಅದರಲ್ಲಿ ದಾನದ ಅಂಶವೂ ಸೇರುವುದು. ಭರ್ತೃಹರಿಯು ಎಣಿಸಿದ ಮೂರರಲ್ಲಿ ಎರಡು ಒಳ್ಳೆಯ ಗತಿಗಳು ಒಂದೇ ತಟ್ಟೆಯಲ್ಲಿ ದೊರೆತಂತಾಗುವುದು. ಉಳಿದ ಹಣವು ತನ್ನ ಛತ್ರದಲ್ಲಿ ತಂಗಿರಲಿ. ಆದರೆ ಅದು ಹೋಗಬೇಕಾದ ಊರಿನ ಹೆಸರನ್ನು ಮನೆಯವರೆಲ್ಲರೂ ಬಲ್ಲವರಾಗಿರಲಿ.