ಐದನೆಯ ಚಕ್ರ

ಕಾರು ಓಡುವುದಕ್ಕೆ ನಾಲ್ಕು ಚಕ್ರ ಸಾಕು, ಐದನೆಯದು ಅನುಮಾನಕ್ಕೆ. ಆ ಅನುಮಾನದ ಚಕ್ರವನ್ನು ಈಚೆಗೆ ಒಂದು ಭಾನುವಾರ ನಾನು ತುರುವೇಕೆರೆಯ ಹತ್ತಿರದ ಮಾವನವರ ಮನೆಯಲ್ಲಿ, ಕಾಯಿ ಒಣಹಾಕಿದ ಅಟ್ಟದ ಕೆಳಗೆ ಇಳಿಸಿ ಬಂದೆ. ಇಳಿಸಿದ್ದಕ್ಕೆ ಕಾರಣ ವೈರಾಗ್ಯವಲ್ಲ, ತೆಂಗಿನಕಾಯಿ. ಚಿಕ್ಕನಾಯಕನಹಳ್ಳಿಯಲ್ಲಿ ನನ್ನ ಹೆಂಡತಿಯ ಅಕ್ಕನ ಮಗಳ ಮದುವೆ. ತಾಂಬೂಲದ ಚೀಲಕ್ಕೆ ಅಂಗಡಿಯ ಕಾಯಿ ಹಾಕುವುದು ತೆಂಗಿನ ಸೀಮೆಯಲ್ಲಿ ಮಾನ ಹೋಗುವ ಕೆಲಸ. ಇನ್ನೂರು ಕಾಯಿ ಸುಲಿಸಿ ನಾಲ್ಕು ಚೀಲ ಕಟ್ಟಿಸಿ ಇಟ್ಟಿದ್ದರು ಮಾವನವರು. ಮೂರು ಚೀಲ ಹೇಗೋ ಹಿಡಿದವು. ನಾಲ್ಕನೆಯದಕ್ಕೂ ಸ್ಟೆಪ್ನಿಗೂ ಜಗಳ ಬಂತು, ಸ್ಟೆಪ್ನಿ ಸೋತಿತು. "ಅದನ್ನ ಯಾಕ್ರೀ ತೆಗೀತೀರ?" ಎಂದಳು ಹೆಂಡತಿ. "ನಾಳೆ ಬರುವಾಗ ತಗೊಂಡು ಹೋದರಾಯಿತು. ನಾವೇನು ಕಾಶಿಗೆ ಹೊರಟಿದ್ದೇವೆಯೇ?" ಎಂದು ನಾನು ನಕ್ಕೆ.

ಕಾಶಿಯವರೆಗೆ ಹೋಗಬೇಕಾಗಲಿಲ್ಲ. ಕೆ.ಬಿ. ಕ್ರಾಸ್ ದಾಟಿ ಚಿಕ್ಕನಾಯಕನಹಳ್ಳಿಯ ಕಡೆಗೆ ತಿರುಗಿ ಎರಡು ಮೂರು ಮೈಲಿ ಹೋಗುವುದರೊಳಗೆ ಕಾರು ಎಡಕ್ಕೆ ಎಳೆಯತೊಡಗಿತು. ಇಳಿದು ನೋಡಿದರೆ ಹಿಂದಿನ ಎಡಗಡೆಯ ಟೈರು ನೆಲಕ್ಕೆ ಅಂಟಿಕೊಂಡಿದೆ. ಎರಡು ಕಡೆಯೂ ತೆಂಗಿನ ತೋಟ. ಮಧ್ಯಾಹ್ನದ ಒಂದು ಗಂಟೆ. ಈ ದಾರಿಯ ಮೇಲೆ ನನಗೆ ವಿಶೇಷ ಅಭಿಮಾನ. ಒಂದು ತುದಿಯ ತುರುವೇಕೆರೆ ತಾಲ್ಲೂಕಿನಲ್ಲಿ ಬಿ.ಎಂ.ಶ್ರೀ. ಹುಟ್ಟಿದ ಸಂಪಿಗೆ, ಇನ್ನೊಂದು ತುದಿಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ತೀ.ನಂ.ಶ್ರೀ. ಅವರ ತೀರ್ಥಪುರ. ಕನ್ನಡದ ಮೇಷ್ಟರೊಬ್ಬನಿಗೆ ಇಬ್ಬರು ಮಹನೀಯರ ಊರುಗಳ ನಡುವೆ ಪಂಚರ್ ಆಗುವುದು ಭಾಗ್ಯವೆಂದೇ ಹೇಳಬೇಕು. ಆ ಹೊತ್ತಿನಲ್ಲಿ ಮಾತ್ರ ಹಾಗೆ ತೋರಲಿಲ್ಲ.

ವಿಮಾ ಕಂಪನಿಯವರ ಸಹಾಯದ ನಂಬರಿಗೆ ಫೋನು ಮಾಡಿದೆ. ತುಂಬ ವಿನಯದ ಧ್ವನಿಯೊಂದು ಮೂರು ಗಂಟೆಯೊಳಗೆ ಯಾರನ್ನಾದರೂ ಕಳಿಸುವುದಾಗಿ ಹೇಳಿ, ಸ್ಟೆಪ್ನಿ ಇದೆಯೇ ಎಂದು ಕೇಳಿತು. ಇಲ್ಲವೆಂದೆ. ಏಕೆ ಇಲ್ಲವೆಂದು ಕೇಳಿತು. ತೆಂಗಿನಕಾಯಿಯ ವಿಷಯವನ್ನು ಅದಕ್ಕೆ ವಿವರಿಸುವ ಧೈರ್ಯ ನನಗಾಗಲಿಲ್ಲ.

ಈ ಸ್ಟೆಪ್ನಿ ಎಂಬ ಮಾತಿನ ಹುಟ್ಟು ಸ್ವಾರಸ್ಯವಾದದ್ದು. ಮೊದಮೊದಲಿನ ಮೋಟಾರು ಕಾರುಗಳಿಗೆ ಐದನೆಯ ಚಕ್ರವೇ ಇರಲಿಲ್ಲ. ಪಂಚರ್ ಆದರೆ ದಾರಿಯಲ್ಲೇ ಕುಳಿತು ಟೈರು ಬಿಚ್ಚಿ ತೇಪೆ ಹಾಕಬೇಕು. 1904ರಲ್ಲಿ ವೇಲ್ಸ್ ದೇಶದ ಲಾನೆಲ್ಲಿ ಎಂಬ ಊರಿನಲ್ಲಿ ಡೇವಿಸ್ ಸಹೋದರರು ಗಾಳಿ ತುಂಬಿದ ಟೈರಿನ ಸಮೇತ ಒಂದು ಹೆಚ್ಚಿನ ಬಳೆಯನ್ನು ಮಾಡಿ, ಕೆಟ್ಟ ಚಕ್ರದ ಪಕ್ಕಕ್ಕೆ ಅದನ್ನು ಬಿಗಿದು ಓಡಿಸಬಹುದೆಂದು ತೋರಿಸಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಎಂಬ ಬೀದಿಯಲ್ಲಿ. ಆ ಬೀದಿಯ ಹೆಸರು ನಮ್ಮ ಲಾರಿ ಕ್ಲೀನರುಗಳ ಬಾಯಲ್ಲಿ ಕನ್ನಡದ ಮಾತಾಗಿ ಇಂದಿಗೂ ಬಾಳುತ್ತಿದೆ. ಬಂದದ್ದು ಹೀಗೆ, ಈಗ ಹೋಗುವ ಕಾಲವೂ ಬಂದಿದೆ. ಟೈರಿನ ಗಾಳಿಯ ಒತ್ತಡವನ್ನು ತಾನೇ ತೋರಿಸುವ ಸಾಧನವೂ ಟ್ಯೂಬ್‌ಲೆಸ್ ಟೈರಿನ ರಿಪೇರಿ ಸಾಮಾನೂ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು 2020ರಲ್ಲಿ ನಮ್ಮ ಸರ್ಕಾರವೇ ನಿಯಮ ತಿದ್ದಿತು. ನನ್ನ ಹಳೆಯ ಕಾರಿನಲ್ಲಿ ಆ ಸಾಧನವೂ ಇಲ್ಲ, ಸಾಮಾನೂ ಇಲ್ಲ. ಕಾನೂನಿನ ಆಶ್ರಯವೂ ನನಗಿರಲಿಲ್ಲವೆಂದಾಯಿತು.

ಆಶ್ರಯವಿದ್ದದ್ದು ಒಂದೇ: ಯಾರಾದರೂ ಬಂದಾರು ಎಂಬ ನಂಬಿಕೆ. ಇಲ್ಲಿಂದ ನನ್ನ ಪೇಚಾಟ ಮೊದಲಾಯಿತು. ಹದಿನೈದು ದಿನಗಳ ಹಿಂದೆ, ಮದುವೆಯ ಮಾತುಕತೆಗೆಂದೇ ಇದೇ ದಾರಿಯಲ್ಲಿ ಒಬ್ಬನೇ ಬರುವಾಗ, ಮುಸ್ಸಂಜೆಯಲ್ಲಿ ಒಂದು ಆಟೋರಿಕ್ಷಾ ರಸ್ತೆಯ ಪಕ್ಕಕ್ಕೆ ವಾಲಿಕೊಂಡು ನಿಂತಿತ್ತು. ಒಬ್ಬಾತ ಕಳಚಿದ ಚಕ್ರವನ್ನು ತೊಡೆಗೆ ಒರಗಿಸಿಕೊಂಡು ಕೈ ಅಡ್ಡ ಹಿಡಿದ. ಒಳಗೆ ಒಬ್ಬ ಹೆಂಗಸು ಕೂತಿದ್ದ ನೆನಪು. ನಾನು ವೇಗವನ್ನು ಇಳಿಸಿದೆ. ಇಳಿಸಿದೆ ಎಂಬುದನ್ನು ನನ್ನ ಪರವಾದ ಸಾಕ್ಷಿಯಾಗಿ ಹೇಳುತ್ತಿಲ್ಲ. ಇಳಿಸಿದ್ದರಿಂದ ಅವನ ಮುಖ ಕಾಣಿಸಿತು, ಅಷ್ಟೆ. ಆಮೇಲೆ ಮುಂದಕ್ಕೆ ಹೋದೆ. ಕತ್ತಲಾಗುತ್ತಿತ್ತು, ಮನೆಯಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚದೆ ಬಿದ್ದಿತ್ತು, ಕಾಲ ಕೆಟ್ಟದ್ದು, ಯಾರನ್ನು ನಂಬುವುದು, ಹಿಂದೆ ಯಾರಾದರೂ ಬಂದೇ ಬರುತ್ತಾರೆ. ಈ ನಾಲ್ಕು ಕಾರಣಗಳನ್ನೂ ಒಂದು ಫರ್ಲಾಂಗಿನ ಒಳಗೆ ನಾನು ಹುಡುಕಿ ಮುಗಿಸಿದ್ದೆ. ಒಳ್ಳೆಯ ಕಾರಣವೊಂದಿದ್ದರೆ ಮನುಷ್ಯ ನಾಲ್ಕನ್ನು ಹುಡುಕುವುದಿಲ್ಲ.

ಈಗ ಕೈ ಅಡ್ಡ ಹಿಡಿಯುವ ಸರದಿ ನನ್ನದು. ಎರಡು ಕಾರು ಹೋದವು. ಎರಡನೆಯದು ವೇಗ ಇಳಿಸಿತು. ಒಳಗಿದ್ದವನ ಮುಖ ಕಂಡಿತು. ಅವನ ಮನಸ್ಸಿನಲ್ಲಿ ಯಾವ ಯಾವ ಕಾರಣಗಳು ಓಡುತ್ತಿವೆಯೆಂದು ನಾನು ವರದಿ ಬರೆದುಕೊಡಬಹುದಾಗಿತ್ತು.

ವೃತ್ತಿಯ ಚಟ ನೋಡಿ. ಅಲ್ಲಿ ನಿಂತಾಗ ನನಗೆ ಕರ್ಣನ ನೆನಪು ಬಂತು. ರಥದ ಚಕ್ರವನ್ನು ನೆಲ ನುಂಗಿದಾಗ ಅವನು ಅರ್ಜುನನಿಗೆ ಹೇಳುತ್ತಾನೆ: ಸ್ವಲ್ಪ ತಾಳು, ಇದು ಧರ್ಮವಲ್ಲ. ಕೃಷ್ಣ ಕೇಳುತ್ತಾನೆ: ದ್ರೌಪದಿಯನ್ನು ಸಭೆಗೆ ಎಳೆತಂದ ದಿನ ಈ ಧರ್ಮ ಎಲ್ಲಿ ಹೋಗಿತ್ತು? ಇಪ್ಪತ್ತು ವರ್ಷದಿಂದ ಈ ಸಂದರ್ಭವನ್ನು ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಹುಡುಗರಲ್ಲಿ ಹೆಚ್ಚು ಜನ ಕರ್ಣನ ಪಕ್ಷ. ನಾನೂ ಒಳಗೊಳಗೆ ಅವನ ಪಕ್ಷವೇ. ಆದರೆ ಕೃಷ್ಣನ ಪ್ರಶ್ನೆಗೆ ಉತ್ತರವಿಲ್ಲವೆಂಬುದು ಪಾಠ ಹೇಳುವಾಗ ನನಗೆ ಇಷ್ಟು ಗಟ್ಟಿಯಾಗಿ ತಟ್ಟಿರಲಿಲ್ಲ. ತಾನು ಕೊಡದೆ ಇದ್ದದ್ದನ್ನು ಬೇಡುವ ಹಕ್ಕು ಒಬ್ಬನಿಗೆ ಇದೆಯೆ? ಇಲ್ಲವೆನ್ನುವುದು ನ್ಯಾಯ. ಹಾಗೆಂದ ಮೇಲೆ ದಾರಿಯಲ್ಲಿ ಕೈ ಒಡ್ಡಬಲ್ಲವರು ಎಷ್ಟು ಮಂದಿ ಉಳಿದಾರು?

ಅಷ್ಟರಲ್ಲಿ ತೋಟದೊಳಗಿಂದ ಒಬ್ಬ ಹಿರಿಯರು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಹೆಗಲ ಮೇಲೆ ಟವೆಲು. ಅವರ ಹಿಂದೆ ಕಾಲೇಜಿನ ವಯಸ್ಸಿನ ಒಬ್ಬ ಹುಡುಗ.

"ಯಾಕ್ ಸಾ, ನಿಂತ್ಬುಟ್ರಿ?"

"ಪಂಚರ್ ಆಯಿತು, ಯಜಮಾನರೇ."

"ಸ್ಟೆಪ್ನಿ ಹಾಕ್ಕಳಿ ಮತ್ತೆ."

"ಇಲ್ಲ."

ಹಿರಿಯರು ಬಗ್ಗಿ ಕಾರಿನ ಹಿಂಭಾಗವನ್ನು ನೋಡಿದರು. ಚೀಲಗಳನ್ನು ಕಂಡರು. "ಕಾಯಿ ತುಂಬಕ್ಕೆ ಇಳಿಸ್ಬುಟ್ರಾ?" ಎಂದು ನಕ್ಕರು. ಆ ನಗೆಯಲ್ಲಿ ಕುಹಕವಿರಲಿಲ್ಲ. ತಾವೇ ಆಗಿದ್ದರೂ ಅದನ್ನೇ ಮಾಡುತ್ತಿದ್ದೆವು ಎಂಬಂತೆ ಇತ್ತು.

ಕೃಷ್ಣನ ಪ್ರಶ್ನೆಯನ್ನು ಅವರು ಕೇಳಲಿಲ್ಲ. ನಾನು ಎಂಥವನು, ಈ ಸಹಾಯಕ್ಕೆ ಅರ್ಹನೆ ಎಂದು ವಿಚಾರಿಸಲಿಲ್ಲ. ಕೇಳಿದ್ದು ಜಾಕು ಇದೆಯೆ ಎಂಬುದನ್ನು ಮಾತ್ರ. ಪುಣ್ಯಕ್ಕೆ ಜಾಕೂ ಪಾನವೂ ಸೀಟಿನ ಕೆಳಗೆ ಉಳಿದಿದ್ದವು. ಚೀಲಗಳನ್ನು ಇಳಿಸಿ, ಹುಡುಗ ಹತ್ತು ನಿಮಿಷದಲ್ಲಿ ಚಕ್ರ ಕಳಚಿದ. ಅದನ್ನು ತನ್ನ ಟಿವಿಎಸ್ ಮೊಪೆಡ್ಡಿನ ಮುಂದೆ, ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು ಕೆ.ಬಿ. ಕ್ರಾಸಿನ ಕಡೆಗೆ ಹೊರಟ. ನಾನೂ ಬರುತ್ತೇನೆಂದೆ. "ನೀವು ಕುಂತ್ರೆ ಗಾಲಿ ಎಲ್ ಕುಂತ್ಕಳಾದು?" ಎಂದರು ಹಿರಿಯರು.

ಹುಡುಗ ಬರುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಪಂಚರ್ ಅಂಗಡಿಯವನು ಊಟಕ್ಕೆ ಹೋಗಿದ್ದನಂತೆ. ಆ ಒಂದೂವರೆ ಗಂಟೆ ನಾವು ತೋಟದ ನೆರಳಿನಲ್ಲಿ ಕೂತೆವು. ಎಳನೀರು ಬಂತು. ಅಂದು ಅವರ ತೋಟದಲ್ಲಿ ಕಾಯಿ ಕೀಳಿಸುತ್ತಿದ್ದರು. ದೋಟಿ ಹಿಡಿದವನು ಒಂದು ಸಾಲು ಮುಗಿಸಿ ಬೀಡಿ ಹಚ್ಚಿ ಕುಳಿತಿದ್ದ. ಬಿದ್ದ ಕಾಯನ್ನು ಆಯ್ದು ಗುಡ್ಡೆ ಹಾಕಬೇಕಾದ ಹುಡುಗ ನನ್ನ ಚಕ್ರದ ಹಿಂದೆ ಹೋಗಿದ್ದನಲ್ಲ! ಹಿರಿಯರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ. ಕಾಯನ್ನು ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಆರಿ, ಅಲುಗಿಸಿದಾಗ ಗಿಟುಕು ಗಡಗಡ ಎನ್ನುವುದು, ಆಮೇಲೆ ಸುಲಿದು ಉಂಡೆ ಕೊಬ್ಬರಿಯನ್ನು ತಿಪಟೂರಿಗೆ ಹಾಕುವುದು, ದರ ಬಿದ್ದ ವರ್ಷ ಅಟ್ಟದ ಮೇಲೆಯೇ ಬಿಟ್ಟು ಕಾಯುವುದು, ಎಲ್ಲವನ್ನೂ ನನಗೆ ಗೊತ್ತಿಲ್ಲವೆಂದು ಭಾವಿಸಿ ಹೇಳಿದರು. ತೆಂಗಿನ ಸೀಮೆಯ ಅಳಿಯನಾದ ನಾನು ಗೊತ್ತಿಲ್ಲದವನಂತೆಯೇ ಕೇಳಿದೆ. 2016–17ರ ಬರದಲ್ಲಿ ಬೋರು ಬತ್ತಿ ಸುಳಿ ಒಣಗಿದ ಮರಗಳ ಜಾಗವನ್ನು ತೋರಿಸಿದರು. ಉಳಿದ ಹಳೆಯ ಮರಗಳ ನಡುನಡುವೆ ಸಸಿ ಇಟ್ಟಿದ್ದರು. "ಇವು ಫಲಕ್ಕೆ ಬರೋ ಹೊತ್ಗೆ ಏಳೆಂಟು ವರ್ಸ. ನಾನಿರ್ತೀನೋ ಇಲ್ವೋ. ಇದೂ ಸ್ಟೆಪ್ನಿನೇ ಅಲ್ವಾ ಸಾ?" ಎಂದರು.

ನಾನು ಆ ಮಾತಿಗೆ ತಲೆದೂಗಿದೆ. ಮನಸ್ಸು ಮಾತ್ರ ಬೇರೆ ಕಡೆ ಇತ್ತು. ತನ್ನ ಸ್ಟೆಪ್ನಿಯನ್ನು ತಾನೇ ಹೊತ್ತು ತಿರುಗುವುದು ಸ್ವಾವಲಂಬನೆ, ಗೌರವದ ಬಾಳು ಎಂದು ನಮಗೆ ಹೇಳಿಕೊಟ್ಟಿದ್ದಾರೆ, ಅದು ತಪ್ಪಲ್ಲ. ಅದನ್ನು ಮನೆಯಲ್ಲಿ ಬಿಟ್ಟು ಬಂದವನು ತನ್ನ ಭಾರವನ್ನು, ಹೆಸರು ಗೊತ್ತಿಲ್ಲದ ಯಾರದೋ ಹೆಗಲಿಗೆ ಮುಂಗಡವಾಗಿ ಬರೆದಿಟ್ಟಿರುತ್ತಾನೆ. ನನ್ನ ನಾಲ್ಕನೆಯ ಚೀಲವನ್ನು ಈ ಹೊತ್ತಿನಲ್ಲಿ ಹೊರುತ್ತಿದ್ದವನು ಆ ಹುಡುಗ. ಇದು ಒಂದು ಮಾತು. ಇನ್ನೊಂದು ಮಾತೂ ಇದೆ. ನಮ್ಮ ಪೇಟೆಯ ಜನ ಎಲ್ಲದಕ್ಕೂ ಒಂದೊಂದು ಸ್ಟೆಪ್ನಿ ಇಟ್ಟುಕೊಂಡು ಬದುಕುವುದನ್ನು ಕಲಿತಿದ್ದೇವೆ: ವಿಮೆ, ಠೇವಣಿ, ಎರಡನೆಯ ಫೋನು. ಪಕ್ಕದ ಮನೆಗೆ ಒಂದು ಲೋಟ ಸಕ್ಕರೆಗೆ ಹೋಗದೆ ಹತ್ತು ವರ್ಷ ಕಳೆಯಬಹುದು, ಕಳೆದಿದ್ದೇನೆ. ಆಟೋದವನನ್ನು ದಾಟಿ ಹೋದ ಸಂಜೆ ನನ್ನ ಕಾರಿನಲ್ಲಿ ಸ್ಟೆಪ್ನಿ ಇತ್ತು. ನನಗೆ ಯಾರೂ ಬೇಕಾಗಿರಲಿಲ್ಲ. ಯಾರೂ ಬೇಡದವನಿಗೆ ಇನ್ನೊಬ್ಬರು ನಮ್ಮನ್ನು ಬಯಸಿದ್ದೂ ತಿಳಿಯದೆ ಹೋಗುತ್ತದೆಯೋ ಏನೋ. ಆದರೆ ಇದನ್ನು ನಾನು ಗಟ್ಟಿಯಾಗಿ ಹೇಳಲಾರೆ. ಹಿರಿಯರ ಬಳಿ ಅಟ್ಟದ ತುಂಬ ಕಾಯಿ ಇತ್ತು, ಸಾಲಿಗೊಂದು ಸಸಿ ಇತ್ತು. ಆದರೂ ಅವರು ಎದ್ದು ಬಂದಿದ್ದರು.

ಹುಡುಗ ಬಂದ. ಟೈರಿಗೆ ಚುಚ್ಚಿದ್ದು ಲಾಳದ ಮೊಳೆ. ಅದನ್ನು ಕಿತ್ತು, ತೂತಿಗೆ ರಬ್ಬರಿನ ಬತ್ತಿ ತುರುಕಿ, ಗಾಳಿ ಹಿಡಿಸಿ ತಂದಿದ್ದ. ಮೊಳೆಯನ್ನೂ ತಂದಿದ್ದ, ನನ್ನ ಅಂಗೈಯಲ್ಲಿಟ್ಟ. ಎತ್ತುಗಳೇ ಅಪರೂಪವಾದ ಈ ಕಾಲದಲ್ಲಿ ಅದು ಎಲ್ಲಿಂದ ಬಂತೋ!

ನಾನು ಐನೂರು ರೂಪಾಯಿಯ ನೋಟು ತೆಗೆದೆ. ಹಿರಿಯರು ಹುಡುಗನನ್ನು ಕೇಳಿದರು: "ಎಷ್ಟ್ ಕೊಟ್ಟೆ ಅಂಗ್ಡೀಲಿ?" "ನೂರೈವತ್ತು, ತಾತ." "ನೂರೈವತ್ ಕೊಡಿ ಸಾ." ಕೊಟ್ಟೆ. ಉಳಿದದ್ದನ್ನು ಹುಡುಗನ ಕಡೆಗೆ ಚಾಚಿದೆ. ಹುಡುಗ ತಾತನ ಮುಖ ನೋಡಿದ. "ಬ್ಯಾಡ," ಎಂದರು ಹಿರಿಯರು, "ದಾರೀಲಿ ನಿಂತೋರ ತಾವ ದುಡ್ ಈಸ್ಕಳಾದಾ?" ನಾನು ನೋಟನ್ನು ಮಡಿಚಿ ಜೇಬಿಗೆ ಹಾಕಿಕೊಂಡೆ. ಹೆಂಡತಿ ಚೀಲದಿಂದ ಎರಡು ಕಾಯಿ ತೆಗೆದು ಕೊಡಲು ಹೋಗಿ, ಕೊಡುತ್ತಿರುವುದು ಯಾರಿಗೆಂದು ನೆನಪಾಗಿ ನಾಚಿಕೊಂಡಳು. ಎಲ್ಲರೂ ನಕ್ಕೆವು.

ಕಾರಿನಲ್ಲಿ ಕೂತ ಮೇಲೆ ನನಗೆ ಕೈಕೇಯಿಯ ಕಥೆ ಹತ್ತಿಕೊಂಡಿತು. ದಶರಥನ ರಥದ ಕೀಲು ಕಳಚಿದಾಗ ಬೆರಳನ್ನೇ ಕೀಲಾಗಿ ಇಟ್ಟಳೆಂದು ಹರಿಕಥೆಗಳಲ್ಲಿ ಹೇಳುತ್ತಾರೆ. ವಾಲ್ಮೀಕಿಯಲ್ಲಿ ಬೆರಳಿನ ಮಾತಿಲ್ಲ. ಗಾಯಗೊಂಡ ಗಂಡನನ್ನು ರಣದಿಂದ ಆಚೆಗೆ ಒಯ್ದು ಉಳಿಸುತ್ತಾಳೆ. ಎರಡರಲ್ಲಿಯೂ ಅವಳು ವರವನ್ನು ಆಗಲೇ ಪಡೆಯಲಿಲ್ಲ, ಮುಂದಕ್ಕೆ ಇಟ್ಟುಕೊಂಡಳು. ತೀರದೆ ಉಳಿದ ಉಪಕಾರ ಬೆಳೆದು ಅಯೋಧ್ಯೆಯನ್ನೇ ನುಂಗಿತು. ಆದ್ದರಿಂದ ಆ ಕ್ಷಣದಲ್ಲೇ ದುಡ್ಡು ಎಣಿಸಿ ಕೊಟ್ಟು ಕೈ ತೊಳೆದುಕೊಳ್ಳುವುದು ಕ್ಷೇಮವೆಂದು ನಮ್ಮ ಕಾಲ ತೀರ್ಮಾನಿಸಿದೆ. ಹಿರಿಯರು ನನಗೆ ಆ ಕ್ಷೇಮವನ್ನು ಕೊಡಲಿಲ್ಲ. ಅವರು ವರವನ್ನು ಮುಂದಕ್ಕೂ ಇಡಲಿಲ್ಲ, ಅಳಿಸಿಯೇ ಬಿಟ್ಟರು.

ಇದನ್ನು ಮೆಚ್ಚಿಕೊಂಡು ಸುಮ್ಮನಿರಬಹುದಾಗಿತ್ತು. ನನಗೆ ಕಾಟ ಕೊಟ್ಟದ್ದು ಹುಡುಗನ ಮುಖ. ಬೇಡವೆಂದವರು ತಾತ, ಬಿಸಿಲಿನಲ್ಲಿ ಹೋಗಿ ಬಂದವನು ಮೊಮ್ಮಗ. ಒಬ್ಬರ ಔದಾರ್ಯಕ್ಕೆ ಇನ್ನೊಬ್ಬರ ಬೆವರು ಸಂದಿತ್ತು. ಹಳೆಯ ಕಾಲದ ದೊಡ್ಡತನದಲ್ಲಿ ಎಷ್ಟೋ ಸಲ ಹೀಗೇ ಆಗಿರಬೇಕು. ಮನೆಯ ಯಜಮಾನನು ಅತಿಥಿಸತ್ಕಾರದ ಕೀರ್ತಿ ಪಡೆದ. ಒಲೆಯ ಮುಂದೆ ಇದ್ದವರು ಬೇರೆ. ಈ ಮಾತನ್ನು ಹೆಂಡತಿಗೆ ಹೇಳಿದೆ. "ಈಗ ತಿಳೀತಾ?" ಎಂದಳು.

ಮದುವೆ ಚೆನ್ನಾಗಿ ಆಯಿತು. ಮಾರನೆಯ ದಿನ ಸಂಜೆ ಹಿಂದಿರುಗುವಾಗ ಆ ತೋಟದ ಬಳಿ ಕಾರು ನಿಲ್ಲಿಸಿದೆವು. ಕೈಯಲ್ಲಿ ಮದುವೆಯ ಲಾಡುಗಳ ಪೊಟ್ಟಣವಿತ್ತು. ತಾತ ಇರಲಿಲ್ಲ, ಯಾವುದೋ ಊರಿಗೆ ಹೋಗಿದ್ದರು. ಹುಡುಗ ಒಬ್ಬನೇ ಕಾಯನ್ನು ಗಾಡಿಗೆ ತುಂಬುತ್ತಿದ್ದ. ಪೊಟ್ಟಣ ಕೊಟ್ಟೆ, ಸಂತೋಷಪಟ್ಟ. ಅದರ ಮೇಲೆ ಐನೂರರ ನೋಟನ್ನೂ ಇಟ್ಟೆ. "ಇದು ತಾತನಿಗಲ್ಲ, ನಿನಗೆ. ನೆನ್ನೆ ನಿನ್ನ ಅರ್ಧ ದಿನ ಹೋಯಿತಲ್ಲಪ್ಪ," ಎಂದೆ.

ಹುಡುಗ ರಸ್ತೆಯ ಕಡೆಗೊಮ್ಮೆ, ಮನೆಯ ಕಡೆಗೊಮ್ಮೆ ನೋಡಿದ. ನೋಟನ್ನು ನಾಲ್ಕು ಮಡಿಕೆ ಮಾಡಿ ಪ್ಯಾಂಟಿನ ಕಿಸೆಗೆ ಸೇರಿಸಿದ. "ತಾತಂಗೆ ಹೇಳ್ಬ್ಯಾಡಿ ಸಾ," ಎಂದ.

ಹೇಳುವುದಿಲ್ಲವೆಂದು ಒಪ್ಪಿಕೊಂಡೆ. ತುರುವೇಕೆರೆ ತಲುಪಿ ಸ್ಟೆಪ್ನಿಯನ್ನು ಕಾರಿಗೆ ಹಾಕಿಕೊಳ್ಳುವವರೆಗೂ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ.