ಸಾಹೇಬರೂ ಕೆಳಗಿಳಿದರು

ಬೆಳಗ್ಗೆ ಹನ್ನೊಂದರ ಹೊತ್ತಿಗೆ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಬೀಡಾ ಅಂಗಡಿಗಳ ಮುಂದೆ ಕುತ್ತಿಗೆಗೆ ಐಡಿ ಕಾರ್ಡ್ ನೇತುಹಾಕಿಕೊಂಡ ನಾಲ್ಕೈದು ಜನ ಇದ್ದೇ ಇರುತ್ತಾರೆ. ಒಂದು ಕೈಯಲ್ಲಿ ಬೈಟು ಟೀ, ಇನ್ನೊಂದರಲ್ಲಿ ಸಿಗರೇಟು. ಒಬ್ಬರು ಮ್ಯಾನೇಜರು, ಒಬ್ಬ ಹೊಸದಾಗಿ ಸೇರಿದ ಹುಡುಗ, ಪಕ್ಕದಲ್ಲಿ ಅದೇ ಕಟ್ಟಡದ ಸೆಕ್ಯುರಿಟಿ. ಮೂವರೂ ಅಂಗಡಿಗೆ ದಾರ ಕಟ್ಟಿ ಬಿಟ್ಟಿರುವ ಒಂದೇ ಲೈಟರಿಗೆ ಬಗ್ಗುತ್ತಾರೆ. ನಲವತ್ತು ವರ್ಷದ ಹಿಂದಿನ ರಾಜಾಜಿನಗರದಲ್ಲಿ ಈ ನೋಟ ಅಪರೂಪ. ಆಗ ಸಾಹೇಬರು ಮೇಜಿನ ಮೇಲೆ ಆ್ಯಷ್‌ಟ್ರೇ ಇಟ್ಟುಕೊಂಡು ಕೂತಲ್ಲೇ ಸೇದುತ್ತಿದ್ದರು. ಗುಮಾಸ್ತ ಅವರೆದುರು ಸೇದುವಂತಿರಲಿಲ್ಲ. ಕೆಮ್ಮು ಬಂದರೂ ಅದುಮಿಕೊಂಡು ಫೈಲು ಹಿಡಿದು ನಿಂತಿರಬೇಕಿತ್ತು.

ಮನೆಯಲ್ಲೂ ಅದೇ ಲೆಕ್ಕ. ಅಪ್ಪನೆದುರು, ಮಾವನೆದುರು ಸೇದಬಾರದು. ದೊಡ್ಡವರ ಚಪ್ಪಲಿ ಸದ್ದು ಕೇಳಿದರೆ ಹೊಸಕಿ ಹಾಕಿ, ಬಾಯಿಗೆ ಏಲಕ್ಕಿ ಎಸೆದುಕೊಂಡು ಒಳಗೆ ಬರಬೇಕು. ಅದಕ್ಕೆ ಮರ್ಯಾದೆ ಎಂಬ ಹೆಸರಿತ್ತು. ಅದೇ ಮಗ ಮುಂದೆ ವಿಜಯನಗರದ ಟ್ವೆಂಟಿ-ಥರ್ಟಿ ಸೈಟಿನ ಮನೆಗೆ ಯಜಮಾನನಾದಾಗ, ಹಜಾರದಲ್ಲಿ ಪೇಪರ್ ಹರಡಿಕೊಂಡು, ಪಕ್ಕದಲ್ಲಿ ಮಗು ಆಡುತ್ತಿದ್ದರೂ ಹಚ್ಚುತ್ತಿದ್ದ. ಯಾರೂ ತಪ್ಪೆನ್ನಲಿಲ್ಲ. ಮರ್ಯಾದೆ ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು, ಹೊಗೆ ಮೇಲಿನಿಂದ ಕೆಳಕ್ಕೆ.

ಈ ಏರ್ಪಾಟನ್ನು ಅಲುಗಿಸಿದ್ದು ಕಾನೂನು. 2001ರಲ್ಲಿ ಮುರಳಿ ದೇವರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ತಡೆಯಲು ಹೇಳಿತು. 2003ರಲ್ಲಿ ಕೋಟ್ಪಾ ಎಂಬ ತಂಬಾಕು ನಿಯಂತ್ರಣ ಕಾಯಿದೆ ಬಂತು. 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮಗಳು ಕೆಲಸದ ಜಾಗಗಳನ್ನೂ ಸ್ಪಷ್ಟವಾಗಿ ಸೇರಿಸಿಕೊಂಡವು. ಬಾಗಿಲಲ್ಲಿ, ಮಹಡಿ ಮಹಡಿಯಲ್ಲಿ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಫಲಕ ಇರಬೇಕು. ಯಾರಿಗೆ ದೂರು ಕೊಡಬೇಕೆಂದು ಬರೆದಿರಬೇಕು. ಆ್ಯಷ್‌ಟ್ರೇ, ಬೆಂಕಿಪೊಟ್ಟಣ, ಲೈಟರು ಇಡಬಾರದು. ದೂರು ಬಂದರೂ ಸುಮ್ಮನಿದ್ದರೆ ಉಸ್ತುವಾರಿ ಹೊತ್ತವನೇ ದಂಡ ತೆರಬೇಕು. ಈ ನಿಯಮ ಸಂಬಳ ನೋಡುವುದಿಲ್ಲ, ವಯಸ್ಸು ನೋಡುವುದಿಲ್ಲ. ನಿಂತ ಜಾಗ ಮಾತ್ರ ನೋಡುತ್ತದೆ. ಹಾಗಾಗಿ ಸಾಹೇಬರೂ ಲಿಫ್ಟು ಹತ್ತಿ ಕೆಳಗಿಳಿದರು.

ಆಗ ಎದ್ದ ಒಂದು ಆಕ್ಷೇಪ ತರ್ಕಕ್ಕೆ ಒಪ್ಪುವಂಥದ್ದೇ. ಕಚೇರಿಯಲ್ಲಿ ಎಂಟು ಗಂಟೆ ತಡೆದರೆ, ಕೊರತೆಯಾದದ್ದನ್ನೆಲ್ಲ ಸಂಜೆ ಮನೆಯಲ್ಲಿ ಹೆಂಡತಿ ಮಕ್ಕಳ ನಡುವೆ ಕೂತು ತೀರಿಸಿಕೊಳ್ಳುತ್ತಾರೆ ಎಂಬುದು. ಸ್ಕಾಟ್ಲೆಂಡಿನಲ್ಲೂ ಇದೇ ಅಂಜಿಕೆಯಿತ್ತು. ಅಲ್ಲಿ 2006ರ ಮಾರ್ಚಿನಲ್ಲಿ ನಿಷೇಧ ಬಂದಾಗ ಸಂಶೋಧಕರು ಯಾರ ಮಾತನ್ನೂ ನಂಬದೆ, ಹನ್ನೊಂದರ ಆಸುಪಾಸಿನ ಶಾಲಾಮಕ್ಕಳ ಜೊಲ್ಲು ಪರೀಕ್ಷೆ ಮಾಡಿದರು. ನಿಕೋಟಿನ್ ದೇಹಕ್ಕೆ ಹೊಕ್ಕರೆ ಕೋಟಿನಿನ್ ಎಂಬ ಪದಾರ್ಥವಾಗಿ ಜೊಲ್ಲಿನಲ್ಲಿ ಸಿಕ್ಕಿಬೀಳುತ್ತದೆ. ಮಗು ಸುಳ್ಳು ಹೇಳಿದರೂ ಅದು ಹೇಳುವುದಿಲ್ಲ. ನಿಷೇಧದ ಮರುವರ್ಷ ಅದರ ಪ್ರಮಾಣ ಸರಾಸರಿ ಶೇ 39ರಷ್ಟು ತಗ್ಗಿತ್ತು. ಹೊಗೆ ಕಚೇರಿಯಿಂದ ಮನೆಗೆ ವರ್ಗವಾಗಿರಲಿಲ್ಲ. ಆದರೆ ತಾಯಿಯೇ ಸೇದುವ ಮನೆಗಳ ಮಕ್ಕಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ನಮ್ಮಲ್ಲಿ? 2009-10ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಭಾರತದ ಅಂಕಿಗಳನ್ನು ಇಟ್ಟುಕೊಂಡು ಕೆಲವು ಸಂಶೋಧಕರು ಇದನ್ನೇ ಹುಡುಕಿದರು. ಹೊಗೆಯಿಲ್ಲದ ಕಡೆ ಕೆಲಸ ಮಾಡುವವರಲ್ಲಿ ಶೇ 64ರಷ್ಟು ಜನರ ಮನೆ ಹೊಗೆರಹಿತ. ಕೆಲಸದಲ್ಲಿ ಹೊಗೆ ಕುಡಿಯುವವರಲ್ಲಿ ಅದು ಸುಮಾರು ಶೇ 42. ಓದಿದವರು ಒಳ್ಳೆಯ ಕಚೇರಿಯಲ್ಲಿರುತ್ತಾರೆ, ಮನೆಯನ್ನೂ ಹಾಗೇ ಇಟ್ಟುಕೊಳ್ಳುತ್ತಾರೆ ಎನ್ನಬಹುದು. ಓದಿನಂಥ ವ್ಯತ್ಯಾಸಗಳನ್ನು ಕಳೆದು ನೋಡಿದಾಗಲೂ ನಂಟು ಉಳಿಯಿತು. ಒಮ್ಮೆ ಮಾತ್ರ ಕೇಳಿದ ಸಮೀಕ್ಷೆಯಿಂದ ಯಾವುದು ಬೀಜ, ಯಾವುದು ಮರ ಎಂದು ಪ್ರಮಾಣ ಮಾಡಿ ಹೇಳಲಾಗದು. ನನಗಂತೂ ಕಾರಣ ಸರಳವೆನಿಸುತ್ತದೆ. ದಿನಕ್ಕೆ ನಾಲ್ಕು ಸಲ ಎದ್ದು, ಮೆಟ್ಟಿಲಿಳಿದು, ಗೇಟು ದಾಟಿ ಹಚ್ಚುವವನ ಕಾಲಿಗೆ ಅದು ರೂಢಿಯಾಗಿರುತ್ತದೆ. ಬಸವೇಶ್ವರನಗರದ ಅಡುಗೆಮನೆಯಿಂದ, 'ರೀ, ಆಫೀಸಲ್ಲಾದ್ರೆ ಎದ್ದು ಆಚೆ ಹೋಗ್ತೀರಲ್ಲ, ಇಲ್ಲೇನು ಬಂತು? ಮೇಲೆ ಹೋಗಿ' ಎಂಬ ಮಾತು ಬಂದರೆ ಅವನ ಹತ್ತಿರ ಉತ್ತರವಿಲ್ಲ. ಕಾನೂನು ಮನೆಯ ಹೊಸ್ತಿಲು ದಾಟುವುದಿಲ್ಲ, ದಾಟಬಾರದು ಕೂಡ. ಆದರೆ ಮೇಲಿನವರಿಗಷ್ಟೇ ಸಲ್ಲುತ್ತಿದ್ದ ಮರ್ಯಾದೆ ಹೆಂಡತಿಗೂ ಮಗುವಿಗೂ ಸಲ್ಲಬೇಕೆಂದು ಕೇಳಲು ಅದು ಆಕೆಗೊಂದು ವಾದ ಕೊಟ್ಟಿತು.

ಅಂಕಿಗಳಲ್ಲಿ ಒಂದು ತಮಾಷೆಯೂ ಇದೆ. ಆ ಮೊದಲ ಸಮೀಕ್ಷೆಯಲ್ಲಿ ದೇಶದ ಶೇ 52.3 ವಯಸ್ಕರು ಮನೆಯಲ್ಲಿ ಬೇರೆಯವರ ಹೊಗೆ ಕುಡಿಯುತ್ತಿದ್ದರು. 2016-17ರ ಹೊತ್ತಿಗೆ ಅದು ಶೇ 38.7ಕ್ಕೆ ಇಳಿಯಿತು. ಕಟ್ಟಡದೊಳಗೆ ದುಡಿಯುವವರು ಕೆಲಸದ ಜಾಗದಲ್ಲಿ ಕುಡಿಯುವ ಹೊಗೆ ಮಾತ್ರ ಶೇ 29.9ರಿಂದ 30.2, ಅಂದರೆ ಇದ್ದಲ್ಲೇ ಇದೆ. ಕಾನೂನಿಲ್ಲದ ಕಡೆ ಇಳಿಯಿತು, ಕಾನೂನಿದ್ದ ಕಡೆ ಅಲುಗಲಿಲ್ಲ! ಸೇದುವವರೇ ಶೇ 14ರಿಂದ 10.7ಕ್ಕೆ ಇಳಿದರೆಂಬುದು ಮನೆಯ ಲೆಕ್ಕದ ಒಂದು ಭಾಗವನ್ನು ವಿವರಿಸುತ್ತದೆ. ಕೆಲಸದ ಜಾಗದ ಲೆಕ್ಕ ತಿಳಿಯಬೇಕಾದರೆ ಐಡಿ ಕಾರ್ಡಿನವರನ್ನು ಬಿಟ್ಟು ಮಾಗಡಿ ರಸ್ತೆಯ ಕಡೆ ನಡೆಯಬೇಕು.

ಕಾಮಾಕ್ಷಿಪಾಳ್ಯದ ಒಳಬೀದಿಗಳಲ್ಲಿ ಶಟರ್ ಅರ್ಧ ಎಳೆದ ಲೇತ್ ಶಾಪುಗಳಿವೆ, ಪವರ್ ಪ್ರೆಸ್‌ಗಳಿವೆ, ಹಿಟ್ಟಿನ ಗಿರಣಿಯಷ್ಟೇ ಜಾಗದಲ್ಲಿ ನಾಲ್ಕು ಯಂತ್ರ ಓಡಿಸುವವರಿದ್ದಾರೆ. ಇಲ್ಲಿ ಮಾಲೀಕನೇ ಮೇಸ್ತ್ರಿ, ಮಾಲೀಕನೇ ಫಲಕ ಹಾಕಬೇಕಾದವನು, ಮೊದಲು ಹಚ್ಚುವವನೂ ಅವನೇ. ದೂರು ಕೊಡುವುದು ಯಾರಿಗೆ? ಯಂತ್ರ ಬಿಟ್ಟು ಹತ್ತು ನಿಮಿಷ ಹೊರಗೆ ಹೋದರೆ ಪೀಸ್ ಲೆಕ್ಕದ ಕೂಲಿ ಕಡಿಮೆಯಾಗುತ್ತದೆ. ಹುಡುಗರು ನಿಂತಲ್ಲೇ ಎರಡು ಎಳೆತ ಎಳೆದು ಮುಂದಿನ ಪೀಸು ಕಚ್ಚಿಸುತ್ತಾರೆ. ಸಂಜೆ ಅವರಲ್ಲೊಬ್ಬ ಹೋಗುವುದು ಒಂದೇ ಕೋಣೆಯ ಬಾಡಿಗೆ ಮನೆಗೆ. ತಾರಸಿಯ ಬೀಗದ ಕೈ ಓನರ್ ಹತ್ತಿರ. ಬಾಗಿಲಾಚೆ ಎರಡಡಿ ಪ್ಯಾಸೇಜು, ಅದರಾಚೆ ಪಕ್ಕದ ಮನೆಯ ಕಿಟಕಿ. ಎದ್ದು ಹೋಗುವ ರೂಢಿಯೂ ಇಲ್ಲ, ಹೋಗಲು ಜಾಗವೂ ಇಲ್ಲ.

ಜಾಗವಿದ್ದವರಿಗೂ ನಡುವೆ ಒಂದು ಪರೀಕ್ಷೆ ಬಂದಿತ್ತು. 2020ರ ಲಾಕ್‌ಡೌನಿನಲ್ಲಿ ಕಚೇರಿಯೇ ಮನೆಗೆ ಬಂತು, ಫಲಕ ಮಾತ್ರ ಬರಲಿಲ್ಲ. ಕೆಂಗೇರಿ ಉಪನಗರದ ಅಪಾರ್ಟ್‌ಮೆಂಟಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತವನಿಗೆ ಕೆಳಗಿಳಿಸುವ ಆಫೀಸಿನ ಲಿಫ್ಟೂ ಇಲ್ಲ, ನೋಡುವ ಸೆಕ್ಯುರಿಟಿಯೂ ಇಲ್ಲ. ಬಾಲ್ಕನಿಗಾದರೂ ಎದ್ದು ಹೋದವರು ಹಳೆಯ ಅಭ್ಯಾಸದ ಪುಣ್ಯದಿಂದ ಹೋದರು. (ಬಾಲ್ಕನಿಯ ಹೊಗೆ ಮೇಲಿನ ಮನೆಯ ಬಟ್ಟೆ ಒಣಗಿಸುವ ಹಗ್ಗಕ್ಕೆ ಹೋಗುತ್ತದೆ ಎಂಬ ಜಗಳ ಅಪಾರ್ಟ್‌ಮೆಂಟ್ ಸಂಘಗಳ ವಾಟ್ಸಾಪ್ ಗುಂಪುಗಳಲ್ಲಿ ಇನ್ನೂ ಬಿಸಿಯಾಗಿದೆ, ಅದರ ತೀರ್ಪು ನನ್ನ ಕೆಲಸವಲ್ಲ.)

2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ, ಕೋಟ್ಪಾ ಕಾಯಿದೆಗೆ ಕರ್ನಾಟಕ ತಂದ ತಿದ್ದುಪಡಿ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು. ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21 ಮಾಡಿತು. ಬಿಡಿ ಸಿಗರೇಟು ಮಾರುವುದನ್ನೂ ತಡೆಯಿತು. ಬಿಡಿ ಸಿಗರೇಟಿನ ವಿಷಯಕ್ಕೆ ಬಂದರೆ, ಮೇಲೆ ಹೇಳಿದ ದಾರ ಕಟ್ಟಿದ ಲೈಟರೇ ಸಾಕ್ಷಿ. ದಂಡದ ಮೊತ್ತ ಐದು ಪಟ್ಟಾದದ್ದು ಮ್ಯಾನೇಜರಿಗೆ ಒಂದು ರಾತ್ರಿಯ ಊಟದ ಬಿಲ್ಲು. ಲೇತ್ ಶಾಪಿನ ಹುಡುಗನಿಗೆ ಒಂದೂವರೆ ಎರಡು ದಿನದ ಕೂಲಿ.

ರಸೀದಿ ಪುಸ್ತಕ ಹಿಡಿದವರು ಸಾಮಾನ್ಯವಾಗಿ ಬಸ್ ನಿಲ್ದಾಣದಲ್ಲಿ, ಮೆಟ್ರೊ ಕಂಬದ ಕೆಳಗೆ ಸಿಕ್ಕವನನ್ನು ಹಿಡಿಯುತ್ತಾರೆ. ಅದು ಸುಲಭ, ಮರುದಿನದ ಪತ್ರಿಕೆಗೆ ಫೋಟೊ ಕೂಡ ಸಿಗುತ್ತದೆ. ಕಾಮಾಕ್ಷಿಪಾಳ್ಯದ ಅರ್ಧ ಶಟರು ಎತ್ತಿ ಒಳಗೆ ಇಣುಕಿದರೆ ಬೇರೆ ಕೆಲಸ ಕಾಯುತ್ತಿದೆ. ಅಲ್ಲಿ ರಸೀದಿ ಹರಿಯಬೇಕಾದದ್ದು ಮಾಲೀಕನ ಹೆಸರಿಗೆ. ಹುಡುಗನಿಗೆ ಬೇಕಾದದ್ದು ಯಂತ್ರ ನಿಲ್ಲಿಸಿ ಹೊರಗೆ ಹೋಗಿಬರಲು ಕೂಲಿ ಕಡಿತವಿಲ್ಲದ ಹತ್ತು ನಿಮಿಷ, ಬಿಡಬೇಕೆನಿಸಿದ ದಿನ ಕನ್ನಡದಲ್ಲಿ ಮಾತಾಡುವ ಸಹಾಯವಾಣಿಯ 1800-11-2356 ಎಂಬ ನಂಬರು. ನಿಯಮದ ಫಲಕ ಹೇಗೂ ಬರೆಸಲೇಬೇಕಲ್ಲ, ಅದರ ಕೆಳಗೆ ಈ ನಂಬರಿಗೂ ಒಂದು ಸಾಲು ಹಿಡಿಸುತ್ತದೆ.