ವಸ್ತುದೋಷವೋ ಪುರುಷದೋಷವೋ?

ಲೋಕಕ್ಕೆ ಉಪಕಾರಕವಾದ ಪದಾರ್ಥವೊಂದನ್ನು ಕೆಲವರು ಅಪಮಾರ್ಗದಲ್ಲಿ ಬಳಸಿ ಕೆಡುವರೆಂಬ ಕಾರಣದಿಂದ ಅದನ್ನು ಎಲ್ಲರಿಗೂ ನಿಷೇಧಿಸುವುದು ನ್ಯಾಯವೆ? ಈ ಹಳೆಯ ಪ್ರಶ್ನೆಯು ನಮ್ಮ ದೇಶದಲ್ಲಿ ಒಂದು ಅಲ್ಪವಸ್ತುವಿನ ನಿಮಿತ್ತವಾಗಿ ಮರಳಿ ತಲೆಯೆತ್ತಿತು. ಬರೆಹದ ತಪ್ಪನ್ನು ಮರೆಮಾಡಲು ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಬಳಸುತ್ತಿದ್ದ ವೈಟ್ನರ್ ಎಂಬ ಬಿಳಿಯ ದ್ರವ, ಅದನ್ನು ತೆಳುಮಾಡುವ ಥಿನ್ನರ್, ಇವನ್ನು ಸೀಸೆಗಳಲ್ಲಿ ತುಂಬಿ ಚಿಲ್ಲರೆಯಾಗಿ ಮಾರುವುದನ್ನು ಕೇಂದ್ರ ಆರೋಗ್ಯ ಮಂತ್ರಾಲಯವು 2012ರಲ್ಲಿ ನಿಷೇಧಿಸಿತು. ಸ್ವಲ್ಪಸ್ವಲ್ಪವಾಗಿ ಮಾತ್ರ ದ್ರವವನ್ನು ಬಿಡುವ ಲೇಖನಿಯ ರೂಪದಲ್ಲಿ, ಅಪಾಯದ ಎಚ್ಚರಿಕೆಯೊಡನೆ, ಮಾರಲು ಅನುಮತಿ ಉಳಿಯಿತು.

ಕಾರಣವು ಶೋಚನೀಯವಾದುದು. ರೈಲು ನಿಲ್ದಾಣಗಳಲ್ಲಿ ಮಲಗುವ ದಿಕ್ಕಿಲ್ಲದ ಬಾಲಕರು ಇದನ್ನು ಬಟ್ಟೆಯ ಚೂರಿಗೆ ಸುರಿದು ಅದರ ಆವಿಯನ್ನು ಎಳೆದುಕೊಳ್ಳುವರು. ಥಿನ್ನರಿನಲ್ಲಿಯೂ ಕೆಲವು ಅಂಟುಗಳಲ್ಲಿಯೂ ಇರುವ ಟಾಲುಯೀನ್ ಮೊದಲಾದ ದ್ರಾವಕಗಳು ಶ್ವಾಸಕೋಶದಿಂದ ರಕ್ತಕ್ಕೂ ಅಲ್ಲಿಂದ ಮೆದುಳಿಗೂ ಬಹು ಬೇಗನೆ ಸೇರುತ್ತವೆ. ಹಸಿವು, ಚಳಿ, ಭಯಗಳು ಕೆಲಹೊತ್ತು ಮಂಕಾಗುತ್ತವೆ. ಚಟವು ಬೇರೂರಿದರೆ ನೆನಪು ಕುಗ್ಗಿ ನಡಿಗೆ ತೊಡರುತ್ತದೆ. ಹೃದಯದ ಲಯ ತಪ್ಪಿ ಮೊದಲನೆಯ ಸಲವೇ ಪ್ರಾಣ ಹೋಗುವುದೂ ಉಂಟು.

ಪೂರ್ವಪಕ್ಷವು ದುರ್ಬಲವಾದುದಲ್ಲ. ಕತ್ತಿಯಿಂದ ಕೊಲೆಯಾಗುವುದೆಂದು ಕಮ್ಮಾರನ ಕುಲುಮೆಯನ್ನು ಯಾರೂ ಮುಚ್ಚಿಸುವುದಿಲ್ಲ. ಜಿಂಕೆಗಳ ಭಯದಿಂದ ರೈತನು ಬಿತ್ತನೆಯನ್ನು ಬಿಡುವನೇ ಎಂಬುದು ಶಾಸ್ತ್ರಕಾರರಲ್ಲಿ ರೂಢವಾದ ನ್ಯಾಯ. ದೋಷವು ಪುರುಷನದೇ ಹೊರತು ವಸ್ತುವಿನದಲ್ಲ; ತಿಳಿದು ಕೆಡುವವನನ್ನು ರಾಜಶಾಸನವು ಎಷ್ಟೆಂದು ಕಾಯುವುದು?

ಆದರೆ ಆ ದೃಷ್ಟಾಂತವು ಪ್ರಕೃತಕ್ಕೆ ಸಲ್ಲದು. ಇಲ್ಲಿ ಜಿಂಕೆಯು ಪೈರನ್ನು ತಿನ್ನುತ್ತಿಲ್ಲ, ಪೈರೇ ಜಿಂಕೆಯನ್ನು ತಿನ್ನುತ್ತಿದೆ. ಮೇಲಾಗಿ, 'ತಿಳಿದು' ಎಂಬ ಪದವನ್ನು ಹತ್ತು ವರ್ಷದ ಬಾಲಕನ ವಿಷಯದಲ್ಲಿ ಯಾವ ಧೈರ್ಯದಿಂದ ಪ್ರಯೋಗಿಸುವುದು? ಸ್ವಾತಂತ್ರ್ಯವೆಂಬುದು ಎರಡು ದಾರಿಗಳನ್ನು ಕಂಡು ಒಂದನ್ನು ಆರಿಸಿಕೊಳ್ಳಬಲ್ಲವನ ಧರ್ಮ. ಅನ್ನವೂ ಮನೆಯೂ ಇರುವವನಿಗೆ ಸಲ್ಲುವ ಈ ಮಾತನ್ನು ಅವೆರಡೂ ಇಲ್ಲದ ಮಗುವಿನ ಹೆಸರಿನಲ್ಲಿ ಎತ್ತುವುದು ವಾದವಲ್ಲ, ಪರಿಹಾಸ್ಯ. ಬಹುಜನರ ನಷ್ಟವನ್ನಾದರೂ ತೂಗಿ ನೋಡಿದರೆ, ಗುಮಾಸ್ತನು ಸೀಸೆಗೆ ಬದಲಾಗಿ ಲೇಖನಿಯನ್ನು ಕೊಳ್ಳಬೇಕಾಯಿತೆಂಬಷ್ಟೇ.

ನಿಜವಾದ ಕಷ್ಟವು ಬೇರೆಯಿದೆ. ವೈಟ್ನರ್ ಸಿಕ್ಕದ ಕೈಗೆ ಸೈಕಲ್ ಅಂಗಡಿಯ ಪಂಕ್ಚರ್ ಸಲ್ಯೂಷನ್ ಸಿಕ್ಕುತ್ತದೆ, ಬಣ್ಣದ ಅಂಗಡಿಯ ಥಿನ್ನರ್ ಇದೆ, ಪೆಟ್ರೋಲ್ ಇದೆ. ಇವೆಲ್ಲವನ್ನೂ ನಿಷೇಧಿಸಿದರೆ ಬಡವನಾದ ಸೈಕಲ್ ರಿಪೇರಿಯವನ ಹೊಟ್ಟೆಗೇ ಏಟು ಬೀಳುವುದು.

ಈ ಗಂಟನ್ನು ಬಿಡಿಸಿದ ರೀತಿಗೆ ಆಸ್ಟ್ರೇಲಿಯಾ ಖಂಡದ ಮಧ್ಯಭಾಗವನ್ನು ನೋಡಬೇಕು. ಅಲ್ಲಿನ ಮೂಲನಿವಾಸಿಗಳ ದೂರದೂರದ ಹಳ್ಳಿಗಳಲ್ಲಿ ಯುವಕರು ಪೆಟ್ರೋಲಿನ ಆವಿಯಿಂದ ಹಾಳಾಗುತ್ತಿದ್ದರು. ವಾಹನವಿಲ್ಲದೆ ಅಲ್ಲಿ ಬಾಳುವುದು ಅಸಾಧ್ಯ, ಪೆಟ್ರೋಲನ್ನು ನಿಷೇಧಿಸುವಂತಿಲ್ಲ. 2005ರಲ್ಲಿ ಬಿ.ಪಿ. ಕಂಪೆನಿಯು, ಮದವೇರಿಸುವ ಆರೊಮ್ಯಾಟಿಕ್ ಅಂಶಗಳನ್ನು ಬಹಳವಾಗಿ ತಗ್ಗಿಸಿದ ಓಪಲ್ ಎಂಬ ಇಂಧನವನ್ನು ಹೊರತಂದಿತು. ಅಧಿಕವಾದ ಖರ್ಚಿಗೆ ಸರ್ಕಾರವು ಸಹಾಯಧನ ಕೊಟ್ಟಿತು. ಗಾಡಿಗಳು ಎಂದಿನಂತೆ ಓಡಿದುವು. ಅದು ಬಂದ ಹಳ್ಳಿಗಳಲ್ಲಿ ದುಶ್ಚಟವು ಬಹುಮಟ್ಟಿಗೆ ಇಳಿಯಿತು. ಅದನ್ನು ಮಾರಲೊಪ್ಪದ ಕೆಲವು ಪೆಟ್ರೋಲ್ ಬಂಕುಗಳವರೂ ಇದ್ದುದರಿಂದ 2013ರಲ್ಲಿ ಶಾಸನವೇ ಬೇಕಾಯಿತು. ವಸ್ತುವಿನ ಉಪಯೋಗವನ್ನು ಉಳಿಸಿ ದೋಷವನ್ನು ಮಾತ್ರ ಕಳೆಯುವ ಈ ಮಾರ್ಗವು ಉತ್ತಮವೆಂದು ಹೇಳಲು ಸಂದೇಹವಿಲ್ಲ. ಅದಕ್ಕೆ ಹಣ ಬೇಕು, ಆ ಮಕ್ಕಳು ಅಷ್ಟು ಬೆಲೆಯುಳ್ಳವರೆಂಬ ಬುದ್ಧಿಯೂ ಬೇಕು.

ನಮ್ಮಲ್ಲಿ ಸೀಸೆಯನ್ನು ತಡೆದ ಆಜ್ಞೆಯು ಮಾರಾಟಕ್ಕೆ ಸಂಬಂಧಿಸಿದ್ದು; ಬಾಲಕನ ವಿಷಯವು ಬೇರೊಂದು ಶಾಸನದಲ್ಲಿದೆ. 2015ರ ಬಾಲನ್ಯಾಯ ಅಧಿನಿಯಮವು ಬೀದಿಯಲ್ಲಿ ಬಾಳುವ, ಮಾದಕವಸ್ತುಗಳ ಬಲೆಗೆ ಬೀಳಬಹುದಾದ ಮಗುವನ್ನು ಅಪರಾಧಿಯೆನ್ನದೆ, ಪಾಲನೆ ರಕ್ಷಣೆಗಳು ಬೇಕಾದ ಮಗುವೆಂದು ಕರೆದು, ಇಪ್ಪತ್ತುನಾಲ್ಕು ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕೆಂದು ವಿಧಿಸಿದೆ. ಅಂಗಡಿಯ ಕಪಾಟನ್ನು ಹಗಲಿನಲ್ಲಿ ಶೋಧಿಸಬಹುದು. ಈ ಮಗುವನ್ನು ಅರಸುವವರು ರಾತ್ರಿಯಲ್ಲಿ, ಕೊನೆಯ ರೈಲು ಹೋದ ಮೇಲೆ, ಪ್ಲಾಟ್‌ಫಾರಮ್ಮಿನ ತುದಿಯ ಕತ್ತಲೆಯವರೆಗೆ ನಡೆದುಹೋಗಬೇಕಾಗುತ್ತದೆ.